ನರಿಗೆ ಬಾಗಿಲು ತೆಗೆದಿಟ್ಟವರು ಯಾರು?

ಮಂಡ್ಯ ಸೀಮೆಯಲ್ಲಿ ಯಾರಿಗಾದರೂ ಅನಿರೀಕ್ಷಿತವಾಗಿ ನಾಲ್ಕು ಕಾಸು ಸಿಕ್ಕಿದರೆ, 'ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ಯೇನೋ?' ಅಂತ ಕೇಳುವುದುಂಟು. ಕಬ್ಬಿನ ಗದ್ದೆಗೆ ಅಂಟಿಕೊಂಡ ಮನೆಗಳವರಿಗೆ ಈ ಮಾತು ನಗು ತರಿಸುವುದಿಲ್ಲ. ಅವರು ಬೆಳಿಗ್ಗೆ ಎದ್ದು ನೋಡುವುದು ನರಿಯ ಮುಖವನ್ನಲ್ಲ, ಹಿತ್ತಲ ತುಂಬಾ ಚೆಲ್ಲಾಡಿದ ಪುಕ್ಕವನ್ನ.

ನಾಲ್ಕು ಹೇಟೆ, ಒಂದು ಹುಂಜ ಅಂದರೆ ಪೇಟೆಯವರಿಗೆ ಲೆಕ್ಕಕ್ಕಿಲ್ಲ. ಸಾಕಿದ ಹೆಂಗಸಿಗೆ ಅದೇ ಬ್ಯಾಂಕು. ಮೊಟ್ಟೆ ದುಡ್ಡು ಮಕ್ಕಳ ನೋಟ್‌ಬುಕ್ಕಿಗೆ, ಹುಂಜದ ದುಡ್ಡು ಹಬ್ಬಕ್ಕೆ. ಯಾರ ಕೈಯನ್ನೂ ನೋಡಬೇಕಾಗಿಲ್ಲ. ಕಾವಿಗೆ ಕೂತ ಹೇಟೆ ಹೋಯ್ತು ಅಂದರೆ ಹೋದದ್ದು ಒಂದು ಕೋಳಿಯಲ್ಲ, ಹತ್ತು ಮರಿಯ ಆಸೆ. ಆಕೆಗೆ ಸಿಟ್ಟು ಬರುವುದು ನ್ಯಾಯವೇ.

ಆದರೆ ಆ ಸಿಟ್ಟಿನಲ್ಲಿ ಮನೆಯ ಗಂಡಸರು ಮಾಡುವ ಕೆಲಸವಿದೆಯಲ್ಲ, ಅದು ನ್ಯಾಯವಲ್ಲ. ಒಬ್ಬ ಬೆಳೆಗೆ ಹೊಡೆಯುವ ವಿಷವನ್ನ ಮಾಂಸಕ್ಕೆ ಸವರಿ ಬೇಲಿ ಬುಡದಲ್ಲಿ ಇಡ್ತಾನೆ. ಇನ್ನೊಬ್ಬ ಉರುಳು ಹಾಕ್ತಾನೆ. ಮತ್ತೊಬ್ಬ ಮಹಾಶಯ ತಂತಿಗೆ ಕರೆಂಟೇ ಕೊಟ್ಟುಬಿಡ್ತಾನೆ. ವಿಷಕ್ಕೆ ನರಿ ಯಾವುದು, ಪಕ್ಕದ ಮನೆ ನಾಯಿ ಯಾವುದು ಅಂತ ಗೊತ್ತಾಗುತ್ತದೆಯೇ? ಸತ್ತದ್ದನ್ನ ತಿಂದ ಕಾಗೆ, ಹದ್ದು ಕೂಡ ಸಾಯುತ್ತವೆ. ಕರೆಂಟು ತಂತಿಗೆ ರಾತ್ರಿ ನೀರು ಹಾಯಿಸಲು ಹೊರಟ ರೈತನೇ ಸಿಕ್ಕಿಬೀಳಬಹುದು.

ಕಾನೂನಿನ ಮಾತೂ ಕೇಳಿಸಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯ್ತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನರಿ ಈಗ ಹುಲಿ ಕೂತ ಒಂದನೇ ಪಟ್ಟಿಯಲ್ಲೇ ಕೂತಿದೆ. ಕೊಂದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು; ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಒಂದು ಹುಂಜದ ಆಸೆಗೆ ಮನೆ ಮಠ ಕಳಕೊಳ್ಳೋದು ಯಾವ ಜಾಣತನ?

ಇಷ್ಟಕ್ಕೂ ಕದ್ದದ್ದು ನರಿಯೇ ಅಂತ ಕಂಡವರಾರು? ಕೋಳಿ ಕದಿಯುವವರ ಪಟ್ಟಿಯಲ್ಲಿ ಮುಂಗುಸಿ ಇದೆ, ಕಾಡುಬೆಕ್ಕು ಇದೆ, ಎಲ್ಲಕ್ಕಿಂತ ಮುಂದೆ ಬೀದಿನಾಯಿ ಇದೆ. ಸಾಮಾನ್ಯವಾಗಿ ನರಿ ಒಂದನ್ನ ಕಚ್ಚಿಕೊಂಡು ಗದ್ದೆಗೆ ಇಳಿಯುತ್ತೆ. ಐದಾರನ್ನ ಕೊಂದು ಅಲ್ಲೇ ಕೆಡವಿ ಹೋಗಿದ್ದರೆ ಮೊದಲು ಬೀದಿಯ ನಾಯಿಗಳ ಮೇಲೆ ಅನುಮಾನ ಪಡಿ. ನರಿಯ ದಿನನಿತ್ಯದ ಊಟ ಇಲಿ, ಹೆಗ್ಗಣ, ಹುಳುಹುಪ್ಪಟೆ, ಬಿದ್ದ ಹಣ್ಣು. ಕಬ್ಬಿನ ಬುಡ ಕಡಿಯುವ ಇಲಿಯನ್ನ ಸಂಬಳವಿಲ್ಲದೆ ಹಿಡಿಯುವ ಕೂಲಿ ಅದು. ಕಟಾವಾಗಿ ಗದ್ದೆ ಬಯಲಾದಾಗ ಅಡಗಲು ಜಾಗವಿಲ್ಲದೆ ಊರ ಕಡೆ ಬರುತ್ತೆ.

ಬಂದದ್ದು ಯಾಕೆ ನಿಂತುಬಿಡುತ್ತೆ? ಇದೇ ಅಸಲು ಪ್ರಶ್ನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಚೀಲ ಚೀಲ ಕೋಳಿಯ ಕರುಳು, ತಲೆ, ಪುಕ್ಕ ಕೆರೆ ಏರಿಗೆ, ಬೈಪಾಸಿನ ಚರಂಡಿಗೆ ಸುರಿದು ಹೋಗುವವರು ಯಾರು? ಬೆಳಗಿನ ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಹೋಗುವ ಪ್ರತಿಯೊಬ್ಬ ಪ್ರಯಾಣಿಕನಿಗೂ ಆ ಜಾಗ ಗೊತ್ತು. ಗೊತ್ತಿಲ್ಲದವರು ಅಧಿಕಾರಿಗಳು ಮಾತ್ರ! ದಿನಾ ಎಲೆ ಹಾಕಿ ಕೋಳಿ ರುಚಿ ಕಲಿಸಿ, ಆಮೇಲೆ ನರಿ ಕಳ್ಳ ಅನ್ನುವುದು ಎಂಥಾ ಮಾತು? ಮಾಂಸದಂಗಡಿಯವರೂ ವ್ಯಾಪಾರಸ್ಥರೇ, ಅವರ ಕಷ್ಟ ಅವರಿಗೆ. ಹಾಗಾದರೆ ಆ ಕಸಕ್ಕೆಂದೇ ಬೇರೆ ಗಾಡಿ, ಆಳವಾದ ಗುಂಡಿ ಒದಗಿಸಲಿ. ಆಮೇಲೂ ಸುರಿದವರಿಗೆ ದಂಡ ಹಾಕಲಿ.

ಮನೆಯವರ ಪಾಲಿನ ಕೆಲಸವೂ ಉಂಟು. ಮಂಕರಿ ಕವುಚಿ ಮೇಲೊಂದು ಕಲ್ಲು ಹೇರಿದರೆ ಸಾಲದು. ನರಿ ಮೂತಿ ತೂರಿಸಿ ಎತ್ತುತ್ತೆ, ನೆಲ ಕೆರೆದು ನುಗ್ಗುತ್ತೆ. ತೆಳು ಕೋಳಿ ಜಾಲರಿ ಕೋಳಿಯನ್ನ ಒಳಗಿಡುತ್ತೆ ಅಷ್ಟೆ, ನಾಯಿ ನರಿಯನ್ನ ಹೊರಗಿಡುವುದಿಲ್ಲ. ಬೆಸುಗೆಯ ಗಟ್ಟಿ ಜಾಲರಿ ಬೇಕು. ಅದನ್ನ ಒಂದಡಿ ನೆಲದೊಳಗೆ ಹೂತು ಹೊರಕ್ಕೆ ಮಡಿಸಿದರೆ ಕೆರೆಯುವವನಿಗೆ ತಂತಿಯೇ ಸಿಗುತ್ತೆ. ಗೂಡನ್ನ ನೆಲದಿಂದ ಎತ್ತರಿಸಿ, ಕದಕ್ಕೆ ಚಿಲಕ ಹಾಕಿ, ಹೊತ್ತು ಮುಳುಗುವ ಮುಂಚೆ ಕೋಳಿ ಕೂಡಿ. ಗೂಡಿನ ಸುತ್ತ ಪೊದೆ ಸವರಿ.

ನಾಟಿ ಕೋಳಿಯಾದರೆ ಮರ ಹತ್ತಿ ಪ್ರಾಣ ಉಳಿಸಿಕೊಂಡೀತು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ ಕೋಳಿ ಮೈಭಾರದ್ದು, ಹಾರಲಾರದು. ಇಂಥ ಮರಿ ಹಂಚಿ ಫೋಟೋ ತೆಗೆಸಿಕೊಳ್ಳುವವರು ಜೊತೆಗೆ ನಾಲ್ಕು ಗಜ ಜಾಲರಿಯನ್ನೂ ಹಂಚಬಾರದೇಕೆ? ಗೂಡಿಲ್ಲದೆ ಕೊಟ್ಟ ಮರಿ ಬಡವಿಗೆ ಕೊಟ್ಟದ್ದಲ್ಲ, ನರಿಗೆ ಕೊಟ್ಟದ್ದು.

ಹಾಡುಹಗಲೇ ಹೆದರದೆ ಮೈಮೇಲೆ ಬರುವ ನರಿ ಕಂಡರೆ ಮಾತ್ರ ದೊಣ್ಣೆ ಹಿಡಿದು ಹತ್ತಿರ ಹೋಗಬೇಡಿ. ಅದಕ್ಕೆ ಹುಚ್ಚು ಹಿಡಿದಿರಬಹುದು. ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿ. ಕಚ್ಚಿದರೆ ಕಾಲು ಗಂಟೆ ಸೋಪು ಹಾಕಿ ತೊಳೆದು ಅವತ್ತೇ ಆಸ್ಪತ್ರೆಗೆ ಓಡಿ.

ನರಿಗೆ ಕಾಯ್ದೆ ಗೊತ್ತಿಲ್ಲ, ನಗರಸಭೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಎರಡೇ: ಎಲ್ಲಿ ಕರುಳು ಬಿದ್ದಿದೆ, ಯಾವ ಗೂಡಿಗೆ ಚಿಲಕವಿಲ್ಲ. ಎರಡನ್ನೂ ಸರಿಪಡಿಸಬೇಕಾದವರು ಎರಡು ಕಾಲಿನವರು.