ಕಾರಿಲ್ಲದವರೂ ತೆರುವ ಕಾರಿನ ಬಾಡಿಗೆ

ಮುಂಬಯಿಯ ಹಳೆಯ ವಸತಿ ಸೊಸೈಟಿಗಳು ಒಂದೊಂದಾಗಿ ಮರುನಿರ್ಮಾಣಗೊಳ್ಳುತ್ತಿವೆ. ನಮ್ಮವರು ವಾಸಿಸುವ ಕಟ್ಟಡಗಳ ಮಹಾಸಭೆಗಳಲ್ಲಿ ಹೊಸ ಮನೆಯ ವಿಸ್ತೀರ್ಣದಷ್ಟೇ ಬಿಸಿಯಾಗಿ ಚರ್ಚೆಗೆ ಬರುವ ವಿಷಯ ಪಾರ್ಕಿಂಗ್. ಲೆಕ್ಕಪರಿಶೋಧಕನಾಗಿ ಇಂತಹ ಯೋಜನೆಗಳ ಅಂದಾಜುಪಟ್ಟಿಯನ್ನು ಓದುವಾಗ ನನ್ನ ಕಣ್ಣಿಗೆ ಬೀಳುವುದು ಒಂದು ಅನ್ಯಾಯ. ಬೇಸ್‌ಮೆಂಟ್ ಅಗೆಯುವ, ಪೋಡಿಯಂ ಎತ್ತುವ ವೆಚ್ಚವು ಎಲ್ಲ ಮನೆಗಳ ಬೆಲೆಯಲ್ಲಿ ಕರಗಿಹೋಗುತ್ತದೆ. ಲೋಕಲ್ ರೈಲಿನಲ್ಲಿ ಓಡಾಡುವ ಗುಮಾಸ್ತನೂ, ಎಂದೂ ಕಾರು ಕೊಳ್ಳದ ವೃದ್ಧೆಯೂ ನೆರೆಮನೆಯ ಎರಡು ಕಾರುಗಳಿಗೆ ನೆಲೆ ಒದಗಿಸುತ್ತಾರೆ. ರಸೀದಿ ಮಾತ್ರ ಅವರಿಗೆ ಸಿಗುವುದಿಲ್ಲ.

ಇದನ್ನು ಬಿಲ್ಡರನ ದುರಾಸೆಯೆಂದು ಮಾತ್ರ ತಳ್ಳಿಹಾಕುವಂತಿಲ್ಲ. ಮುಂಬಯಿಯ 2034ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯೇ ಮನೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಕನಿಷ್ಠ ಪಾರ್ಕಿಂಗನ್ನು ವಿಧಿಸಿದೆ. ದೆಹಲಿಯ 2021ರ ಮಹಾಯೋಜನೆಯ ಅಳತೆಯಂತೆ ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ 32 ಚದರ ಮೀಟರ್ ಜಾಗ ಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯು 2015ರಲ್ಲಿ ಬಡ ಕುಟುಂಬದ ಮನೆಗೆ ನಿಗದಿಪಡಿಸಿದ ಮಿತಿ 30 ಚದರ ಮೀಟರ್! ಆ 32 ಚದರ ಮೀಟರಿಗಾಗಿ ಸುರಿಯುವ ಸಿಮೆಂಟು, ಉಕ್ಕು, ಅನಂತರ ಹಗಲಿರುಳು ಉರಿಯುವ ದೀಪ, ತಿರುಗುವ ಫ್ಯಾನು, ನೀರೆತ್ತುವ ಪಂಪು, ಇವೆಲ್ಲ ಹವಾಮಾನದ ಖಾತೆಗೆ ಬೀಳುವ ಖರ್ಚುಗಳೇ. ಅಂಗಳದುದ್ದಕ್ಕೂ ಬೇಸ್‌ಮೆಂಟ್ ಹಬ್ಬಿದರೆ ಮಳೆನೀರು ಇಂಗಲು, ಮರ ಬೇರೂರಲು ಮಣ್ಣೇ ಉಳಿಯದು.

ಅನಂತಕಾಯ ಜೀವಗಳನ್ನು ನೆನೆದು ಗಡ್ಡೆಗೆಣಸು ವರ್ಜಿಸುವ ನಾವು ಎರಡಂತಸ್ತು ಆಳದ ಗುಂಡಿಗೆ ಮರುಮಾತಿಲ್ಲದೆ ಸಹಿ ಹಾಕುತ್ತೇವೆ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ಕ್ಷೇತ್ರ ಹಾಗೂ ವಾಸ್ತುಗಳನ್ನು, ಎಂದರೆ ನೆಲ ಮತ್ತು ಮನೆಯನ್ನು.

ರೈಲು, ಮೆಟ್ರೋ ನಿಲ್ದಾಣಗಳ ಸಮೀಪದಲ್ಲಿ ಕನಿಷ್ಠದ ಬದಲಿಗೆ ಗರಿಷ್ಠ ಮಿತಿ ಬರಬೇಕು. ಮೆಕ್ಸಿಕೋ ನಗರವು 2017ರಲ್ಲಿ ಹೀಗೆ ಮಾಡಿತು. ಕಾರುಗಳು ಬೀದಿಗೆ ಬಂದು ನಿಲ್ಲುತ್ತವೆ ಎಂಬ ಆಕ್ಷೇಪ ನಿಜವಾದದ್ದು. ಆದ್ದರಿಂದ ಬೀದಿಯ ಪುಕ್ಕಟೆ ನಿಲುಗಡೆಯೂ ಜೊತೆಯಲ್ಲೇ ನಿಲ್ಲಬೇಕು. ಪಾರ್ಕಿಂಗ್ ಶುಲ್ಕವು ನೆಲದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಅದನ್ನು ಜಾರಿಗೊಳಿಸುವ ಧೈರ್ಯವನ್ನು ಮತ ಕೇಳಲು ಬರುವವರಿಂದ ನಾವು ಕೇಳಿಲ್ಲ.

ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಸ್ಟಿಲ್ಟ್ ಪಾರ್ಕಿಂಗ್ ಜಾಗವು ಸೊಸೈಟಿಯ ಸಾಮಾನ್ಯ ಸ್ವತ್ತು, ಬಿಲ್ಡರನು ಅದನ್ನು ಬೇರೆಯಾಗಿ ಮಾರುವಂತಿಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ನಹಾಲ್‌ಚಂದ್ ಪ್ರಕರಣದಲ್ಲಿ ತೀರ್ಪಿತ್ತಿತು. ಸ್ವತ್ತು ಎಲ್ಲರದಾದರೆ ಬಾಡಿಗೆಯೂ ಎಲ್ಲರದು. ಕಾರುಳ್ಳವರಿಂದ ತಿಂಗಳ ಶುಲ್ಕವನ್ನು ತಕ್ಕಮಟ್ಟಿಗೆ ಪಡೆದು, ಎರಡನೆಯ ಕಾರಿಗೆ ದುಪ್ಪಟ್ಟು ವಿಧಿಸಿ, ಆ ಮೊತ್ತದಿಂದ ಎಲ್ಲರ ನಿರ್ವಹಣಾ ವೆಚ್ಚವನ್ನು ಇಳಿಸುವ ನಿರ್ಣಯಕ್ಕೆ ಮಹಾಸಭೆಯ ಬಹುಮತ ಸಾಕು. ಇಂತಹ ನಿರ್ಣಯವನ್ನು ಮೊದಲು ಮಂಡಿಸಬೇಕಾದವರು ಎರಡು ಕಾರುಳ್ಳವರು.