ಗ್ಯಾರಂಟಿ ಬ್ಯಾಡ ಅನ್ನೋ ಬಡವರ ಮಾತೂ ಕೇಳ್ರಿ



ಹುಬ್ಬಳ್ಳಿಯ ದುರ್ಗದಬೈಲ್, ಇಂಡಿ ಪಂಪ್, ನೇಕಾರ ನಗರ, ಎಲ್ಲಿ ನಿಂತರೂ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಬಗ್ಗೆ ಒಂದು ಮಾತು ಕಿವಿಗೆ ಬೀಳುತ್ತದೆ: "ಪುಕ್ಕಟ ಕೊಟ್ಟು ಮಂದೀನ ಕೆಡಸಾಕತ್ತಾರ." ಹೇಳುವವರು ಸಾವ್ಕಾರರಷ್ಟೇ ಅಲ್ಲ. ಹಮಾಲಿ ಮಾಡುವವರು, ಆಟೋ ಓಡಿಸುವವರು ಕೂಡ. ಅವರನ್ನು ಉಂಡ ಮನೆಗೆ ಎರಡು ಬಗೆಯುವವರೆಂದು ಹೀಗಳೆಯುವುದು ಅನ್ಯಾಯ.

ಆಟೋದವರನ್ನೇ ನೋಡ್ರಿ. 2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟ ಮಾಡುವ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಯಾರ ಮುಂದೂ ಕೈಚಾಚದೆ ಬಸ್ ಹತ್ತಿದರು, ಅದು ಆಗಲೇಬೇಕಿತ್ತು. ಆದರೆ ಸ್ಟ್ಯಾಂಡಿನಲ್ಲಿ ಪಾಳಿ ಕಾಯುವವನ ಗಿರಾಕಿ ಕಡಿಮೆಯಾದರು, ಸಾಲದ ಕಂತು ಕಡಿಮೆಯಾಗಲಿಲ್ಲ. ಬೆಂಗಳೂರಿನ ಖಾಸಗಿ ಸಾರಿಗೆಯವರು ಅದೇ ವರ್ಷ ಸೆಪ್ಟೆಂಬರ್ 11ರಂದು ಬಂದ್ ಮಾಡಿದ್ದು ಸುಮ್ಮನೆ ಅಲ್ಲ. ಮರುವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿದ್ದರಿಂದ ಪೆಟ್ರೋಲ್ ಲೀಟರಿಗೆ 3 ರೂಪಾಯಿ ತುಟ್ಟಿಯಾಯಿತು. 2025ರ ಜನವರಿಯಲ್ಲಿ ಬಸ್ ದರವೂ ಶೇ. 15 ಏರಿತು. ಇಷ್ಟಾದ ಮೇಲೆ "ನಮಗೇನು ಸಿಕ್ತು?" ಎಂದು ಅವನು ಕೇಳಿದರೆ ಉತ್ತರ ಕೊಡಬೇಕು, ಬೈಯಬಾರದು.

ಮನೆಯೊಡತಿಗೆ ತಿಂಗಳಿಗೊಮ್ಮೆ ಕೊಡುವ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಒಂದು ರೇಷನ್ ಕಾರ್ಡಿಗೆ ಒಬ್ಬಳಿಗೇ. ಅತ್ತೆಯ ಖಾತೆಗೆ ಬಂದರೆ ಅದೇ ಮನೆಯಲ್ಲಿ ದುಡಿಯುವ ಸೊಸೆ ಬರಿಗೈ. ಆ ಹಣವೂ ಎಷ್ಟೋ ಸಲ ತಿಂಗಳುಗಟ್ಟಲೆ ತಡ. ಕಾರ್ಡೇ ಇಲ್ಲದವರಿಗೆ ಅಕ್ಕಿಯೂ ಇಲ್ಲ, ಹಣವೂ ಇಲ್ಲ. ಅರ್ಜಿ ಹಾಕಲು ಹೋದರೆ ಸರ್ವರ್ ಇಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ, ಗದ್ದಲ ಎದ್ದ ಮೇಲೆ ಅರ್ಹರಿಗೆ ತಿರುಗಿ ಕೊಟ್ಟಿದ್ದು ನೆನಪಿರಲಿ. ಪಕ್ಕದ ಮನೆಗೆ ಬಂದು ತನಗೆ ಬಾರದಿದ್ದಾಗ ಹುಟ್ಟುವ ಸಿಟ್ಟು ಯೋಜನೆಯ ಮೇಲೇ ತಿರುಗುತ್ತದೆ.

ಇನ್ನು ಮರ್ಯಾದೆಯ ಮಾತು. ದುಡಿದು ಉಣ್ಣಬೇಕೆಂದು ಬಾಳಿದ ಜನ ನಮ್ಮವರು; ಫಲಾನುಭವಿ ಎಂದು ಪಾಳಿಯಲ್ಲಿ ನಿಲ್ಲಿಸಿ, ಮೇಲೆ ಮಂತ್ರಿಯ ಫೋಟೋ ಹಾಕಿದರೆ ಅವರಿಗೆ ಚುಚ್ಚುತ್ತದೆ. ಆದರೆ ಅಣ್ಣಾ, ಇದು ಯಾರ ಮನೆಯ ದಾನವೂ ಅಲ್ಲ. ನೀ ಮಾಡಿಸುವ ಮೊಬೈಲ್ ರೀಚಾರ್ಜಿಗೂ ಶೇ. 18 ಜಿಎಸ್‌ಟಿ ಕಟ್ಟುತ್ತೀ. ನಿನ್ನ ರೊಕ್ಕದ ಪಾಲು ಅದರಲ್ಲಿ ಇದೆ.

ಅದಕ್ಕೇ ಯೋಜನೆ ಮುಚ್ಚಿರಿ ಎನ್ನಬೇಡ್ರಿ. ಮುಚ್ಚಿದರೆ ಆಟೋದವನ ತಾಯಿಯ 2,000 ಹೋಗುತ್ತದೆ, ಅವನ ಗಿರಾಕಿ ತಿರುಗಿ ಬರುವ ಖಾತ್ರಿ ಇಲ್ಲ. ಗೃಹಲಕ್ಷ್ಮಿ ಹಣಕ್ಕೆ ತಿಂಗಳ ತಾರೀಖು ಗೊತ್ತು ಮಾಡ್ರಿ, ಹೊಸ ಕಾರ್ಡಿನ ಅರ್ಜಿಗೆ ಗಡುವು ಹಾಕ್ರಿ, ಆಟೋ ಸಾಲದ ಬಡ್ಡಿ ಇಳಿಸ್ರಿ ಎಂದು ಕೇಳೋಣ. ಕಾರ್ಡ್ ಸಿಗದವರು, ಹಣ ನಿಂತವರು ಅರ್ಜಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಓಣಿಯ ಮಂದಿ ಕೂಡಿ ತಹಶೀಲ್ದಾರ್ ಕಚೇರಿಗೆ ಹೋಗಿ, ಬರವಣಿಗೆಯಲ್ಲಿ ಉತ್ತರ ಕೇಳೋಣ.