ಕೆಟ್ಟುದು ಗಣಕವೋ, ತಂತಿಯೋ?

ಬಂಡ್ರಿಯಿಂದ ಸಂಡೂರಿನವರೊಬ್ಬರನ್ನು ದೂರವಾಣಿಯಲ್ಲಿ ಕರೆದಾಗ ಉತ್ತರ ಬಾರದಿದ್ದರೆ, ಅವರು ಸತ್ತೇ ಹೋದರೆಂದು ಯಾರೂ ನಿಶ್ಚಯಿಸುವುದಿಲ್ಲ. ಮೋಟಾರು ಕಾರುಗಳ ವಿಷಯದಲ್ಲಾದರೋ ಇಂಥ ತೀರ್ಮಾನಗಳು ನಮ್ಮ ನಡುವೆ ನಡೆಯುತ್ತಲೇ ಇವೆ. ಸ್ಕ್ಯಾನರ್ ‘ಯು’ ಅಕ್ಷರದಿಂದ ಮೊದಲಾಗುವ ಸಂಕೇತವೊಂದನ್ನು ತೋರಿಸುತ್ತದೆ. ಎಂಜಿನನ್ನು ಆಳುವ ಪುಟ್ಟ ಗಣಕವೇ ಕೆಟ್ಟಿತೆಂದು ಅದನ್ನು ಬದಲಿಸುತ್ತಾರೆ. ಆ ಸಂಕೇತದ ಅರ್ಥವೋ ‘ಸಂಪರ್ಕ ತಪ್ಪಿದೆ’ ಎಂಬುದಷ್ಟೆ. ಕೆಟ್ಟುದು ಗೇಣುದ್ದದ ತಂತಿಯೂ ಆಗಿರಬಹುದು. ಬಾಡಿಗೆ ಕಾರನ್ನೋಡಿಸಿ ಸಂಸಾರ ನಡೆಸುವವನಿಗೆ ಈ ದುಡುಕು ಹಲವು ದಿನಗಳ ಸಂಪಾದನೆಯನ್ನು ನುಂಗಿಬಿಡುವುದು. ಬದಲಿಸುವ ಮೊದಲು ಅಳೆಯಬೇಕು. ಅಳೆಯಲು ಬೇಕಾದ ವಿದ್ಯೆ ಪ್ರೌಢಶಾಲೆಯಲ್ಲಿಯೇ ದೊರೆಯುತ್ತದೆ ಎಂಬುದು ನಮ್ಮ ವಾದ.

ಇಂದಿನ ಕಾರಿನಲ್ಲಿ ಎಂಜಿನು, ಬ್ರೇಕು ಮೊದಲಾದವಕ್ಕೆ ಪ್ರತ್ಯೇಕ ಗಣಕಗಳುಂಟು. ಇವೆಲ್ಲವೂ ಒಂದೇ ಜೊತೆ ತಂತಿಯ ಮೇಲೆ ಮಾತನಾಡಿಕೊಳ್ಳುವ ‘ಕ್ಯಾನ್’ ಎಂಬ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಸಂಸ್ಥೆಯವರು 1983ರಲ್ಲಿ ರೂಪಿಸತೊಡಗಿ, 1986ರಲ್ಲಿ ಲೋಕದ ಮುಂದಿಟ್ಟರು. (ಬೆಂಗಳೂರಿಗರು ಬಹುಕಾಲ ‘ಮೈಕೋ’ ಎಂದು ಕರೆದುದು ಇದೇ ಸಂಸ್ಥೆಯ ಭಾರತೀಯ ಶಾಖೆಯನ್ನು.) ತಂತಿಗಳೆರಡನ್ನೂ ಜಡೆಯಂತೆ ಹೆಣೆದಿರುತ್ತಾರೆ. ಸುಮ್ಮನಿರುವಾಗ ಎರಡರಲ್ಲಿಯೂ ಸುಮಾರು 2.5 ವೋಲ್ಟ್ ಇರುವುದು. ಮಾತನಾಡುವಾಗ ಒಂದು 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿಯುವುದು. ಕೇಳುವ ಗಣಕವು ಇವುಗಳ ವ್ಯತ್ಯಾಸವನ್ನು ಮಾತ್ರ ಗಮನಿಸುತ್ತದೆ. ಹೊರಗಿನ ವಿದ್ಯುತ್ ಗದ್ದಲವು ಎರಡು ತಂತಿಗಳ ಮೇಲೂ ಹೆಚ್ಚುಕಡಮೆ ಸಮನಾಗಿ ಬೀಳುವುದರಿಂದ ವ್ಯತ್ಯಾಸವು ಕೆಡುವುದಿಲ್ಲ.

ಒಂದು ತುದಿಯನ್ನು ಗೋಡೆಗೆ ಕಟ್ಟಿದ ಹಗ್ಗವನ್ನು ಜಾಡಿಸಿದರೆ ಅಲೆಯು ಗೋಡೆಗೆ ಬಡಿದು ಹಿಂದಿರುಗುವುದನ್ನು ವಾಚಕರು ಕಂಡಿರಬಹುದು. ತಂತಿಯ ತುದಿಯಲ್ಲಿಯೂ ಸಂಕೇತವು ಹೀಗೆಯೇ ಹಿಂದಿರುಗಿ, ಹಿಂದೆ ಬರುತ್ತಿರುವ ಮಾತನ್ನು ಕಲಸಿಬಿಡುತ್ತದೆ. ಇದನ್ನು ತಡೆಯಲು ಎರಡು ತುದಿಗಳಲ್ಲಿಯೂ ಎರಡು ತಂತಿಗಳ ನಡುವೆ 120 ಓಮ್‌ಗಳ ರೋಧಕವೊಂದನ್ನು ಇಟ್ಟಿರುತ್ತಾರೆ. ಸಮಾಂತರವಾಗಿ ಜೋಡಿಸಿದ ಎರಡು 120 ಓಮ್‌ಗಳ ಮೊತ್ತವೆಷ್ಟು? 60 ಓಮ್.

ರೋಗಪರೀಕ್ಷೆಯೆಲ್ಲ ಈ ಒಂದು ಲೆಕ್ಕದಲ್ಲಿ ಅಡಗಿದೆ. ಬ್ಯಾಟರಿಯ ತಂತಿಯನ್ನು ಬಿಚ್ಚಿ, ಕೆಲವು ನಿಮಿಷ ತಡೆದು, ಸ್ಟಿಯರಿಂಗಿನ ಕೆಳಗಿರುವ 16 ಕಿಂಡಿಗಳ ಸಾಕೆಟ್ಟಿನ 6 ಮತ್ತು 14ನೆಯ ಕಿಂಡಿಗಳ ನಡುವಣ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಬೇಕು. 60ರ ಆಸುಪಾಸು ಬಂದರೆ ಮುಖ್ಯ ತಂತಿಯೂ ರೋಧಕಗಳೂ ನೆಟ್ಟಗಿವೆ. 120 ಬಂದರೆ ತಂತಿಯೆಲ್ಲಿಯೋ ಕಡಿದಿದೆ, ಇಲ್ಲವೇ ಒಂದು ರೋಧಕವು ಕಳಚಿದೆ. ಸೊನ್ನೆಯ ಬಳಿ ನಿಂತರೆ ತಂತಿಗಳೆರಡೂ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೆಯ ರೋಧಕವನ್ನು ಸೇರಿಸಿದ್ದಾರೆಂದು ಶಂಕಿಸಬಹುದು. ಹಳದಿ ಕನೆಕ್ಟರುಗಳ ಏರ್‌ಬ್ಯಾಗ್ ತಂತಿಗಳಿಗೆ ಮಾತ್ರ ಮೀಟರನ್ನು ಸೋಕಿಸಕೂಡದು, ಅದು ಅಪಾಯ.

ಆದರೆ 60 ಬಂದಿತೆಂದು ಕೈತೊಳೆದುಕೊಳ್ಳುವಂತಿಲ್ಲ. ಒಂದು ತಂತಿ ಕಾರಿನ ಲೋಹದ ಮೈಗೆ ತಾಗಿದ್ದರೂ ಇದೇ ಸಂಖ್ಯೆ ಬರುವುದು. ಆದುದರಿಂದ ಪ್ರತಿಯೊಂದು ತಂತಿಗೂ ಮೈಗೂ ನಡುವಣ ರೋಧವನ್ನು ಬೇರೆಯಾಗಿ ನೋಡಬೇಕು. ಒಂದೇ ಗಣಕಕ್ಕೆ ಹೋಗುವ ಕವಲುತಂತಿ ಕಡಿದಿದ್ದರೂ 60 ಬರಬಹುದು. ಕೆಲವು ಹೊಸ ಕಾರುಗಳಲ್ಲಿ ಸಾಕೆಟ್ಟಿಗೂ ಒಳಜಾಲಕ್ಕೂ ನಡುವೆ ದ್ವಾರಪಾಲಕನಂಥ ಗಣಕವೊಂದಿದ್ದು, ಸಾಕೆಟ್ಟಿನಲ್ಲಿ ಮಾಡಿದ ಅಳತೆಯು ಒಳಗಿನ ಸಂಗತಿಯನ್ನು ಹೇಳದು. ಇನ್ನು, ನಿಂತಾಗ ಸರಿಯಿದ್ದು ಓಡುವಾಗ ಕೈಕೊಡುವ ದೋಷವೇ ಎಲ್ಲಕ್ಕಿಂತ ಕಠಿನ. ಸಂಡೂರು ಸೀಮೆಯ ಅದಿರು ರಸ್ತೆಗಳ ಕುಲುಕಾಟಕ್ಕೆ ಕನೆಕ್ಟರು ಸಡಿಲವಾಗುವುದು, ಕೆಂಪು ಧೂಳು ಹಿಡಿದಿಟ್ಟ ತೇವದಿಂದ ತಾಮ್ರಕ್ಕೆ ಕಿಲುಬು ಕಟ್ಟುವುದು, ಇಲಿ ತಂತಿಯನ್ನು ಅರ್ಧ ಕಡಿದು ಬಿಡುವುದು ಅಸಂಭವವೇನಲ್ಲ. ಆಗ ಒಬ್ಬನು ತಂತಿಯ ಕಂತೆಯನ್ನು ಗೇಣುಗೇಣಾಗಿ ಅಲುಗಿಸುತ್ತ, ಇನ್ನೊಬ್ಬನು ಮೀಟರಿನ ಅಂಕಿ ಎಲ್ಲಿ ಜಿಗಿಯುವುದೆಂದು ನೋಡುತ್ತಿರಬೇಕು. ಸ್ಕ್ಯಾನರಿಗೆ ಈ ತಾಳ್ಮೆಯಿಲ್ಲ.

ನಮ್ಮ ಕಾಲೇಜುಗಳಲ್ಲಿ ಸಮಾಂತರ ರೋಧವನ್ನು ಮೀಟರ್ ಬ್ರಿಡ್ಜಿನಲ್ಲಿ ಕಂಡುಹಿಡಿದು, ರೆಕಾರ್ಡು ಪುಸ್ತಕದಲ್ಲಿ ಬರೆದು ಮರೆಯುವುದು ವಾಡಿಕೆ. ಅದರ ಜೊತೆಗೆ ಇದನ್ನೂ ಮಾಡಿಸಬಾರದೇಕೆ? ಹಲಗೆಯೊಂದರ ಮೇಲೆ ಜೊತೆ ತಂತಿಯನ್ನು ಎಳೆದು, ತುದಿಗಳಿಗೆ 120 ಓಮ್‌ಗಳ ರೋಧಕಗಳನ್ನು ಸೇರಿಸಿ, ನಡುವೆ ಕೆಲವು ಕವಲುಗಳನ್ನು ಬಿಟ್ಟು, ಅಧ್ಯಾಪಕರು ಗುಟ್ಟಾಗಿ ಒಂದೆಡೆ ತಂತಿಯನ್ನು ಕಡಿದಿಡಲಿ. ಎಲ್ಲಿ ಕಡಿದಿದೆಯೆಂಬುದನ್ನು ವಿದ್ಯಾರ್ಥಿಯು ಮೀಟರಿನಿಂದಲೇ ಹುಡುಕಿ ಹೇಳಲಿ.